ಮೂರು ಶಾಖೆಗೆ ಒಂದೇ ಪ್ರಿಂಟ್ ಸರ್ವರ್ ಸಾಕಾ?

ಪ್ರಶ್ನೆ:
ಮೂರು ಶಾಖೆ, ಸುಮಾರು 60 ಪ್ರಿಂಟರ್. ಯಾರು ಎಷ್ಟು ಪ್ರಿಂಟ್ ತೆಗೆದರು ಎಂದು ಲೆಕ್ಕ ಇಡುವ ಪೇಪರ್‌ಕಟ್ ಎಂಎಫ್ ಸಾಫ್ಟ್‌ವೇರ್ ಹಾಕಬೇಕು. ಎಲ್ಲವನ್ನೂ ಮುಖ್ಯ ಕಚೇರಿಯಲ್ಲೇ ಇಟ್ಟರೆ ನೋಡಿಕೊಳ್ಳೋದು ಸುಲಭ ಅಲ್ವಾ? ಆದರೆ ದೂರದ ಶಾಖೆಯ ಲಿಂಕ್ ಆಗಾಗ ಬೀಳುತ್ತದೆ. ಅದೇ ಚಿಂತೆ.

ಉತ್ತರ 1:
ಲೆಕ್ಕ ಇಡುವ ಅಪ್ಲಿಕೇಶನ್ ಸರ್ವರ್ ಒಂದೇ ಇರಲಿ. ಸ್ಪೂಲ್ (ಪ್ರಿಂಟರ್‌ಗೆ ಹೋಗುವ ಮೊದಲು ಫೈಲ್ ಸರದಿಯಲ್ಲಿ ಕಾಯುವ ಜಾಗ) ಮಾತ್ರ ಆಯಾ ಶಾಖೆಯಲ್ಲೇ ಇರಬೇಕು. ಚಿತ್ರಗಳಿರುವ ಸಣ್ಣ ಪಿಡಿಎಫ್ ಕೂಡ ಸ್ಪೂಲ್ ಆಗುವಾಗ ತುಂಬಾ ಉಬ್ಬುತ್ತದೆ. ಅದು ಮುಖ್ಯ ಕಚೇರಿಗೆ ಹೋಗಿ, ಪಕ್ಕದ ಪ್ರಿಂಟರ್‌ಗೇ ವಾಪಸ್ ಬರೋದು ಸುಮ್ನೆ ದಂಡ. ಶಾಖೆಯ ಪ್ರಿಂಟ್ ಸರ್ವರ್‌ನಲ್ಲಿ ಪ್ರಿಂಟ್ ಪ್ರೊವೈಡರ್ (ಪ್ರಿಂಟ್‌ಗಳನ್ನು ಗಮನಿಸಿ ಅಪ್ಲಿಕೇಶನ್ ಸರ್ವರ್‌ಗೆ ತಿಳಿಸುವ ಪೇಪರ್‌ಕಟ್ ಭಾಗ) ಹಾಕಿ. ಆಗ ಯಾರು, ಎಷ್ಟು ಪುಟ, ಯಾವ ಪ್ರಿಂಟರ್ ಎಂಬ ಮಾಹಿತಿಯಷ್ಟೇ ಲಿಂಕ್ ಮೇಲೆ ಹೋಗುತ್ತದೆ.

ಉತ್ತರ 2:
ಮೇಲಿನದು ಸರಿ. ಲಿಂಕ್ ಬೀಳುವ ಶಾಖೆಗೆ ಸೈಟ್ ಸರ್ವರ್ (ಮುಖ್ಯ ಸರ್ವರ್ ಸಿಗದಾಗ ಶಾಖೆಯಲ್ಲೇ ಅದರ ಕೆಲಸ ನೋಡಿಕೊಳ್ಳುವ ಪೇಪರ್‌ಕಟ್ ಸರ್ವರ್) ಕೂಡ ಇಡಿ. ಲಿಂಕ್ ಇಲ್ಲದಾಗಲೂ ಜನ ಕಾರ್ಡ್ ತೋರಿಸಿ ಪ್ರಿಂಟ್ ತೆಗೆದುಕೊಳ್ಳಬಹುದು. ಪೇಪರ್‌ಕಟ್ ಜೊತೆಗೇ ಬರುವ ಡರ್ಬಿ ಡೇಟಾಬೇಸ್ ಬದಲು ಪೋಸ್ಟ್‌ಗ್ರೆಸ್ ಹಾಕಿ. ದಯವಿಟ್ಟು ಪೇಪರ್‌ಕಟ್ ಬಳಸುವ 9191 ಪೋರ್ಟನ್ನು ಇಂಟರ್ನೆಟ್‌ಗೆ ತೆರೆಯಬೇಡಿ. 2023ರಲ್ಲಿ ಹಾಗೆ ತೆರೆದಿದ್ದ, ಅಪ್‌ಡೇಟ್ ಆಗದ ಸರ್ವರ್‌ಗಳ ಮೇಲೆ ದಾಳಿ ನಡೆದಿತ್ತು.

ಪ್ರಶ್ನೆ ಕೇಳಿದವರು:
ದೂರದ ಶಾಖೆಗೆ ಸೈಟ್ ಸರ್ವರ್, ಇನ್ನೊಂದಕ್ಕೆ ಬರೀ ಪ್ರೊವೈಡರ್. ಹೀಗೇ ಮಾಡುತ್ತೇನೆ. ಬ್ಯಾಕಪ್ ಡೇಟಾಬೇಸ್‌ಗಷ್ಟೇ ಸಾಕಾ?

ಉತ್ತರ 1:
ಸಾಲದು. ಪ್ರಿಂಟ್ ಕ್ಯೂ, ಡ್ರೈವರ್‌ಗಳನ್ನೂ ಎಕ್ಸ್‌ಪೋರ್ಟ್ ಮಾಡಿಡಿ. ಮತ್ತೆ ಕಟ್ಟುವಾಗ ಜಾಸ್ತಿ ಹೊತ್ತು ತಿನ್ನುವುದು ಅವೇ.