ರಾತ್ರಿ 12ಕ್ಕೆ ಇಟ್ಟ ಫೀಚರ್ ಫ್ಲ್ಯಾಗ್ ಬೆಳಗ್ಗೆ 5:30ಕ್ಕೆ ಆನ್ ಆಗಿದೆ, ಯಾಕೆ?

ಪ್ರಶ್ನೆ
ನಮಸ್ಕಾರ. ಹಬ್ಬದ ಆಫರ್ ಪೇಜಿನ ಕೋಡನ್ನು ಮೂರು ದಿನ ಮೊದಲೇ ಡಿಪ್ಲಾಯ್ ಮಾಡಿ, ಫ್ಲ್ಯಾಗ್ (ಕೋಡ್ ಬದಲಿಸದೆಯೇ ಪೇಜನ್ನು ಆನ್/ಆಫ್ ಮಾಡುವ ಸ್ವಿಚ್) ಆಫ್ ಇಟ್ಟಿದ್ದೆವು. ರಾತ್ರಿ 12ಕ್ಕೆ ತಾನಾಗಿ ಆನ್ ಆಗಲಿ ಅಂತ ಶೆಡ್ಯೂಲ್ ಹಾಕಿದ್ದೆ. 12 ಆಯಿತು, 12:10 ಆಯಿತು, ಪೇಜ್ ಬರಲಿಲ್ಲ. ಬೆಳಗ್ಗೆ ಲಾಗ್ ನೋಡಿದರೆ ವೆಬ್‌ಸೈಟಿನಲ್ಲಿ 5:30ಕ್ಕೆ ಆನ್ ಆಗಿದೆ. ಆ್ಯಪ್‌ನಲ್ಲಂತೂ ಕೆಲವರಿಗೆ ಮಧ್ಯಾಹ್ನದವರೆಗೂ ಕಾಣಿಸಲೇ ಇಲ್ಲ. ಶೆಡ್ಯೂಲ್‌ನಲ್ಲಿ ತಾರೀಖು ಸರಿ ಇದೆ, ಸಮಯ 00:00:00 ಅಂತಲೇ ಇದೆ. ಎಲ್ಲಿ ತಪ್ಪಿದೆ?

ಉತ್ತರ
ಸರಿಯಾಗಿ ಐದೂವರೆ ಗಂಟೆ ತಡ ಅಲ್ವಾ? ಟೈಮ್‌ಝೋನ್ ಬಿಟ್ಟು ಬೇರೆಲ್ಲೂ ಹುಡುಕಬೇಡಿ. ನಮ್ಮ ಗಡಿಯಾರ ಯುಟಿಸಿಗಿಂತ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯ) ಅಷ್ಟೇ ಮುಂದಿದೆ. ನೀವು ಬರೀ 00:00:00 ಬರೆದಿರಿ, ಸರ್ವರ್ ಅದನ್ನು ಯುಟಿಸಿ ಅಂದುಕೊಂಡಿತು. ಸಮಯದ ಕೊನೆಗೆ +05:30 ಸೇರಿಸಿ. ಇಲ್ಲಾಂದ್ರೆ ಹಿಂದಿನ ದಿನದ 18:30 ಅಂತ ಯುಟಿಸಿಯಲ್ಲೇ ಹಾಕಿ. ಹಿಂದಿನ ದಿನ ಅನ್ನೋದು ನೆನಪಿರಲಿ, ನಾನೂ ಅಲ್ಲೇ ಒಮ್ಮೆ ಎಡವಿದ್ದೆ.

ಆ್ಯಪ್ ಫ್ಲ್ಯಾಗನ್ನು ಎಲ್ಲಿಂದ ಓದುತ್ತೆ?

ಪ್ರಶ್ನೆ ಕೇಳಿದವರು
ಫೈರ್‌ಬೇಸ್ ರಿಮೋಟ್ ಕಾನ್ಫಿಗ್‌ನಿಂದ. ಆ್ಯಪ್ ಅಪ್‌ಡೇಟ್ ಮಾಡದೆಯೇ ಕಾನ್ಫಿಗ್, ಅಂದರೆ ಫ್ಲ್ಯಾಗಿನಂಥ ಸೆಟ್ಟಿಂಗ್‌ಗಳನ್ನು ಕಳಿಸುವ ಗೂಗಲ್ ಸೇವೆ ಅದು. ಅದರಲ್ಲಿ ಸೆಟ್ಟಿಂಗ್ ಏನೂ ಮುಟ್ಟಿಲ್ಲ.

ಉತ್ತರ
ಹಾಗಾದರೆ ಗೊತ್ತಾಯಿತು. ಮುಟ್ಟದೇ ಬಿಟ್ಟರೆ ಒಮ್ಮೆ ತಂದ ಕಾನ್ಫಿಗನ್ನು ಆ್ಯಪ್ 12 ಗಂಟೆ ಇಟ್ಟುಕೊಳ್ಳುತ್ತೆ. ಆಫರ್‌ಗಾಗಿ ಕಾದು ಕೂತು, ರಾತ್ರಿ 12:05ಕ್ಕೆ ಆ್ಯಪ್ ತೆರೆದವರ ಫೋನಿಗೆ "ಆಫ್" ಅಂತ ಬಂತು. ಮಧ್ಯಾಹ್ನ 12:05ರವರೆಗೂ ಅದೇ ಉಳಿಯಿತು. ಪಾಪ, ಎಲ್ಲರಿಗಿಂತ ಮೊದಲು ಬಂದವರಿಗೇ ತಡವಾಯಿತು.

ಅವಧಿಯನ್ನು ಸುಮ್ನೆ ಸೊನ್ನೆಗೆ ಇಳಿಸಬೇಡಿ, ಪದೇ ಪದೇ ಕೇಳಿದರೆ ತಡೆ ಬೀಳುತ್ತೆ. ಆನ್/ಆಫ್ ಬದಲು ಶುರುವಾಗುವ ಸಮಯವನ್ನೇ ಎರಡು ದಿನ ಮೊದಲು ಕಳಿಸಿಬಿಡಿ. ಫೋನಿನ ಗಡಿಯಾರವನ್ನು ಯಾರು ಬೇಕಾದರೂ ತಿರುಗಿಸಬಹುದು, ಹಾಗಾಗಿ ಹೋಲಿಸುವುದು ಸರ್ವರ್ ಸಮಯದ ಜೊತೆಗೇ ಇರಲಿ.

ಪ್ರಶ್ನೆ ಕೇಳಿದವರು
+05:30 ಹಾಕಿ ಸ್ಟೇಜಿಂಗ್‌ನಲ್ಲಿ (ಪರೀಕ್ಷೆಗೆಂದೇ ಇರುವ ಸರ್ವರ್) ಸಂಜೆ 7:10ಕ್ಕೆ ಇಟ್ಟೆ. 7:10ಕ್ಕೇ ಆನ್ ಆಯಿತು! ತುಂಬಾ ಥ್ಯಾಂಕ್ಸ್. ಇದೇ ಫ್ಲ್ಯಾಗನ್ನು ಮುಂದಿನ ಹಬ್ಬಕ್ಕೂ ಬಳಸಬಹುದಾ?

ಉತ್ತರ
ದಯವಿಟ್ಟು ಬೇಡ. 2012ರ ಆಗಸ್ಟ್ 1ರಂದು ಅಮೆರಿಕದ ಷೇರು ವಹಿವಾಟು ಕಂಪನಿ ನೈಟ್ ಕ್ಯಾಪಿಟಲ್‌ನಲ್ಲಿ ಆಗಿದ್ದು ಇದೇ. ಹೊಸ ಕೆಲಸಕ್ಕೆ ಹಳೇ ಫ್ಲ್ಯಾಗನ್ನೇ ಬಳಸಿದರು. 8 ಸರ್ವರ್‌ಗಳಲ್ಲಿ ಒಂದಕ್ಕೆ ಹೊಸ ಕೋಡ್ ಹೋಗಿರಲಿಲ್ಲ. ಫ್ಲ್ಯಾಗ್ ಆನ್ ಆದಾಗ ಅಲ್ಲಿದ್ದ ಹಳೇ ಕೋಡ್ ಎದ್ದು ಕೂತು, ಬೇಡದ ಷೇರು ಆರ್ಡರ್ ಕಳಿಸುತ್ತಾ ಹೋಗಿ, ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರ್‌ನಷ್ಟು ಕೈಬಿಟ್ಟು ಹೋಯಿತು. ಹಬ್ಬ ಮುಗಿದ ವಾರವೇ ಫ್ಲ್ಯಾಗನ್ನೂ ಅದರ ಕೋಡನ್ನೂ ತೆಗೆದುಹಾಕಿ. ಮುಂದಿನದಕ್ಕೆ ಹೊಸ ಹೆಸರು ಕೊಡಿ. ಆಗುವುದಾದರೆ ಬೆಳಗ್ಗೆ 10ಕ್ಕೆ ಇಡಿ, ಟೀಮಿನವರು ಎಲ್ಲರೂ ಎದ್ದಿರುತ್ತಾರೆ.