ಬುಡಾಪೆಸ್ಟಿನಲ್ಲಿ ಅಲ್ಪಸಂಖ್ಯಾತರ ಅಧ್ಯಯನದ ಎಂಎಗೆ ಅರ್ಜಿ: ಮೋಟಿವೇಷನ್ ಲೆಟರ್‌ನಲ್ಲಿ ಏನು ಬರೆಯೋದು?

ಹುಣಸೂರು_ಹುಡುಗಿ:

ನಮಸ್ಕಾರ ಎಲ್ಲರಿಗೂ. ಬಿಎ ಸಮಾಜಶಾಸ್ತ್ರ ಆಗಿದೆ. ಈಗ ಹುಣಸೂರು ಕಡೆ ಒಂದು ಸಂಸ್ಥೆಯಲ್ಲಿದ್ದೇನೆ. ಜೇನುಕುರುಬರ ಹಾಡಿಗಳಲ್ಲಿ ಅರಣ್ಯ ಹಕ್ಕಿನ ಅರ್ಜಿ ತುಂಬಿಸೋದು, ಗ್ರಾಮಸಭೆ ನಡಾವಳಿ ಬರೆಯೋದು, ಇಂಥ ಕೆಲಸ. ಬುಡಾಪೆಸ್ಟಿನ ಎಲ್ಟೆ ವಿಶ್ವವಿದ್ಯಾಲಯದಲ್ಲಿ ಎಥ್ನಿಕ್ ಅಂಡ್ ಮೈನಾರಿಟಿ ಸ್ಟಡೀಸ್ ಅಂತ 2 ವರ್ಷದ ಎಂಎ ಇದೆಯಲ್ಲ, ಹಂಗೇರಿ ಸರ್ಕಾರ ಕೊಡೋ ಸ್ಟೈಪೆಂಡಿಯಂ ಹಂಗಾರಿಕಂ ಸ್ಕಾಲರ್‌ಶಿಪ್ ಮೂಲಕ ಅದಕ್ಕೆ ಹಾಕೋಣ ಅಂತಿದ್ದೇನೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಮಾರ್ಕ್ಸ್ ಸಾಧಾರಣ, ನಾನು ಆದಿವಾಸಿ ಸಮುದಾಯದವಳೂ ಅಲ್ಲ, ಇದೆಲ್ಲ ಅಡ್ಡಿ ಬರುತ್ತಾ? ಮೋಟಿವೇಷನ್ ಲೆಟರ್, ಅಂದರೆ ಈ ಕೋರ್ಸ್ ನನಗೆ ಯಾಕೆ ಬೇಕು ಅಂತ ಹೇಳೋ ಪತ್ರ, ಅದಂತೂ ಎಷ್ಟು ಬರೆದರೂ ಭಾಷಣದ ಥರಾನೇ ಆಗುತ್ತಿದೆ. ಅಲ್ಲಿ ಓದಿದವರು ಯಾರಾದರೂ ಇದ್ದರೆ ಹೇಳಿ.

ಡ್ಯಾನ್ಯೂಬ್_ದಂಡೆ:

ನಾನು ಅದೇ ಊರಲ್ಲಿ, ಅದೇ ಸ್ಕಾಲರ್‌ಶಿಪ್‌ನಲ್ಲಿ ಓದಿದವನು, ವಿಷಯ ಬೇರೆ. ಮೊದಲು ಒಂದು ಮಾತು: ಎರಡು ಕಡೆ ಅರ್ಜಿ ಹಾಕಬೇಕು. ಹಂಗೇರಿಯವರ ಆನ್‌ಲೈನ್ ಸಿಸ್ಟಂನಲ್ಲಿ ಒಂದು, ನಮ್ಮ ಕೇಂದ್ರ ಶಿಕ್ಷಣ ಸಚಿವಾಲಯದ ಪೋರ್ಟಲ್‌ನಲ್ಲಿ ಇನ್ನೊಂದು. ದೆಹಲಿಯಿಂದ ನಾಮಿನೇಷನ್ ಹೋಗದಿದ್ದರೆ ಅಲ್ಲಿಯವರು ನಿಮ್ಮ ಫೈಲ್ ತೆಗೆದೂ ನೋಡಲ್ಲ. ಕೊನೆಯ ದಿನ ಸಾಮಾನ್ಯವಾಗಿ ಜನವರಿ ಮಧ್ಯಕ್ಕೆ ಬೀಳುತ್ತೆ, ಕ್ರಿಸ್‌ಮಸ್ ರಜೆ ನಡುವೆ ಬರುವುದರಿಂದ ಪ್ರೊಫೆಸರ್‌ಗಳ ಹತ್ತಿರ ರೆಕಮೆಂಡೇಷನ್ ಲೆಟರನ್ನು ನವೆಂಬರ್‌ನಲ್ಲೇ ಕೇಳಿಟ್ಟುಕೊಳ್ಳಿ. ಯಾವ ಕೋರ್ಸುಗಳಿಗೆ ಸೀಟಿದೆ ಅನ್ನೋ ಪಟ್ಟಿ ವರ್ಷ ವರ್ಷ ಬದಲಾಗುತ್ತೆ, ಅದನ್ನು ನೋಡದೆ ಒಂದು ಅಕ್ಷರವೂ ಬರೆಯಬೇಡಿ.

ದುಡ್ಡಿನ ವಿಷಯ. ಫೀಸ್ ಇಲ್ಲ. ತಿಂಗಳಿಗೆ 43,700 ಫೋರಿಂಟ್ ಕೊಡುತ್ತಾರೆ, ನಮ್ಮ ಲೆಕ್ಕದಲ್ಲಿ ಹತ್ತು ಹನ್ನೆರಡು ಸಾವಿರ ರೂಪಾಯಿ ಆಸುಪಾಸು. ಹಾಸ್ಟೆಲ್ ಸಿಕ್ಕರೆ ಬಚಾವ್, ಹೊರಗೆ ರೂಮ್ ಮಾಡಿದರೆ 40,000 ಫೋರಿಂಟ್ ಬಾಡಿಗೆಗೆ ಅಂತ ಸೇರಿಸುತ್ತಾರೆ, ಆದರೆ ಬುಡಾಪೆಸ್ಟಿನ ಬಾಡಿಗೆಗೆ ಅದು ಯಾವ ಮೂಲೆಗೂ ಸಾಲಲ್ಲ. ಮನೆಯಿಂದ ಸ್ವಲ್ಪ ತರಿಸಿಕೊಳ್ಳಬೇಕು, ಇಲ್ಲಾ ಪಾರ್ಟ್‌ಟೈಮ್ ಕೆಲಸ. ಕನ್ನಡ ಮೀಡಿಯಂ ಬಗ್ಗೆ ಯಾರೂ ಕೇಳಲ್ಲ. ಇಂಗ್ಲಿಷ್ ಬರುತ್ತೆ ಅನ್ನೋದಕ್ಕೆ ಪುರಾವೆ ಕೇಳುತ್ತಾರೆ, ಅಷ್ಟೇ.

ಲೆಟರ್‌ಗೆ ಒಂದು ಎಚ್ಚರಿಕೆ. ರೋಮಾ ಜನ (ಜಿಪ್ಸಿಗಳು ಅಂತಾರಲ್ಲ, ಅವರು) ಭಾರತದಿಂದ ಹೋದವರು, ಹಾಗಾಗಿ ನನಗೆ ಹಂಗೇರಿ ಜೊತೆ ಹಳೇ ನಂಟು ಅಂತ ಶುರು ಮಾಡಬೇಡಿ. ಅವರ ಭಾಷೆಯ ಬೇರು ಇಲ್ಲಿಯದು ಅನ್ನೋದು ನಿಜ. ಆದರೆ ಇಂಡಿಯಾದಿಂದ ಅರ್ಜಿ ಹಾಕುವವರಿಗೆಲ್ಲ ಮೊದಲು ಹೊಳೆಯೋದೇ ಅದು, ಓದುವವರಿಗೆ ಸಾಕಾಗಿರುತ್ತೆ.

ಮಲೆಘಟ್ಟ:

ನನ್ನದೊಂದು ತಕರಾರು. ಹಂಗೇರಿನೇ ಯಾಕೆ? ಸ್ಕಾಲರ್‌ಶಿಪ್ ಇದೆ ಅಂತ ಮಾತ್ರವಾದರೆ ಎರಡು ವರ್ಷ ಬೇಜಾರಾಗುತ್ತೆ. ಮೊದಲ ಮಹಾಯುದ್ಧದ ನಂತರ ಹಂಗೇರಿಯ ಬಹುಪಾಲು ನೆಲ ಅಕ್ಕಪಕ್ಕದ ದೇಶಗಳಿಗೆ ಹೋದ 1920ರ ಟ್ರಿಯಾನಾನ್ ಒಪ್ಪಂದ ಆದಮೇಲೆ ಹಂಗೇರಿಯನ್ನರು ದೊಡ್ಡ ಸಂಖ್ಯೆಯಲ್ಲಿ ಈಗಿನ ರೊಮೇನಿಯಾ, ಸ್ಲೊವಾಕಿಯಾ, ಸರ್ಬಿಯಾಗಳಲ್ಲಿ ತಾವೇ ಅಲ್ಪಸಂಖ್ಯಾತರಾಗಿ ಉಳಿದರು. ಹಂಗೇರಿ ಒಳಗೆ ನೋಡಿದರೆ ಕಾನೂನು ಗುರುತಿಸಿದ 13 ಸಮುದಾಯಗಳಿವೆ, ಎಲ್ಲಕ್ಕಿಂತ ದೊಡ್ಡದು ರೋಮಾ. 1993ರ ಕಾನೂನಿನಲ್ಲಿ ಈ ಸಮುದಾಯಗಳು ತಮ್ಮದೇ ಸ್ವಯಂ ಆಡಳಿತ ಮಂಡಳಿ ಆರಿಸಿಕೊಳ್ಳೋ ವ್ಯವಸ್ಥೆ ತಂದರು. ಅಲ್ಲಿ ಈ ವಿಷಯಕ್ಕೆ ಇಷ್ಟು ಮಹತ್ವ ಬಂದಿರೋದು ಇದರಿಂದ. ನಿಮಗೆ ಇದರಲ್ಲಿ ಆಸಕ್ತಿ ಇದ್ದರೆ ಹೋಗಿ.

ಕಾಡು, ಜಮೀನು, ಒಕ್ಕಲೆಬ್ಬಿಸೋದು ಇದೇ ನಿಮ್ಮ ವಿಷಯ ಅಂದರೆ ನಾರ್ವೆಯ ಟ್ರೊಮ್ಸೊದಲ್ಲಿ ಇಂಡಿಜಿನಸ್ ಸ್ಟಡೀಸ್ ಮಾಸ್ಟರ್ಸ್ ಇದೆ, ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ನಾಡು ಅದು. ಕಷ್ಟ ಏನಂದರೆ 2023ರಿಂದ ಯೂರೋಪಿನ ಹೊರಗಿನವರಿಗೆ ನಾರ್ವೆಯಲ್ಲಿ ಫೀಸ್ ಹಾಕಿದ್ದಾರೆ. ಇಲ್ಲೇ ಆದರೆ ಮುಂಬೈನ ಟಿಸ್‌ನಲ್ಲಿ (ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಷಿಯಲ್ ಸೈನ್ಸಸ್) ದಲಿತ ಮತ್ತು ಬುಡಕಟ್ಟು ಅಧ್ಯಯನದ ಸೋಷಿಯಲ್ ವರ್ಕ್ ಎಂಎ ಇದೆ. ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ಬುಡಕಟ್ಟು ಅಧ್ಯಯನಕ್ಕೇ ಒಂದು ವಿಭಾಗ ಇದೆ. ಫಾರಿನ್ ಅಲ್ಲ ಅಂತ ಸುಮ್ನೆ ತಳ್ಳಿಹಾಕಬೇಡಿ.

ನೀಲಿ_ಶಾಯಿ:

ಇದನ್ನು ಓದುತ್ತಿರುವ ಎಸ್‌ಸಿ ಹುಡುಗ ಹುಡುಗಿಯರಿಗೆ ಒಂದು ವಿಷಯ. ಸಾಮಾಜಿಕ ನ್ಯಾಯ ಸಚಿವಾಲಯದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ನಂಬಿಕೊಂಡು ಇಂಥ ಕೋರ್ಸಿಗೆ ಹೊರಡೋ ಮುಂಚೆ ಗೈಡ್‌ಲೈನ್ಸ್ ಸರಿಯಾಗಿ ಓದಿ. 2022ರಲ್ಲಿ ಅದನ್ನು ತಿದ್ದಿ ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಭಾರತದ ಸಮಾಜದ ಅಧ್ಯಯನ ಇವೆಲ್ಲವನ್ನೂ ಹೊರಗಿಟ್ಟರು. ನಮ್ಮ ಜನರ ಬಗ್ಗೆ ನಾವೇ ಹೊರಗೆ ಹೋಗಿ ಓದೋದಾದರೆ ದುಡ್ಡಿಲ್ಲ ಅಂದ ಹಾಗಾಯಿತು. ಸಿಟ್ಟು ಬರುತ್ತೆ, ಇರಲಿ. ಎಸ್‌ಟಿಯವರದು ಬೇರೆ, ಬುಡಕಟ್ಟು ಸಚಿವಾಲಯದ್ದು, ಸೀಟು ಬಹಳ ಕಡಿಮೆ. ಎಸ್‌ಸಿ, ಎಸ್‌ಟಿಯವರು ಹೊರದೇಶದಲ್ಲಿ ಓದೋದಕ್ಕೆ ನೆರವು ಕೊಡೋ ಕರ್ನಾಟಕ ಸರ್ಕಾರದ ಪ್ರಬುದ್ಧ ಯೋಜನೆಯನ್ನೂ ನೋಡಿ.

ಹುಣಸೂರು_ಹುಡುಗಿ:

ಎಲ್ಲರಿಗೂ ಥ್ಯಾಂಕ್ಸ್. ಮಲೆಘಟ್ಟ ಸರ್, ನಿಮ್ಮ ತಕರಾರಿಂದ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ 😅 ಆದರೆ ಆ ಸ್ವಯಂ ಆಡಳಿತ ಮಂಡಳಿ ಅನ್ನೋದೇ ನನಗೆ ಬೇಕಾಗಿದ್ದು ಅನ್ನಿಸ್ತಿದೆ. ಲೆಟರ್‌ನ ಮೊದಲ ಸಾಲು ಹೀಗಿದೆ, ಬೈಯಬೇಡಿ: "ಬಾಲ್ಯದಿಂದಲೂ ಶೋಷಿತರ ಬಗ್ಗೆ ನನಗೆ ಅಪಾರ ಕಾಳಜಿ ಇದ್ದು, ಅವರ ಏಳಿಗೆಗಾಗಿ ದುಡಿಯುವುದೇ ನನ್ನ ಜೀವನದ ಗುರಿ."

ಡ್ಯಾನ್ಯೂಬ್_ದಂಡೆ:

ಅಳಿಸಿ ಮೇಡಂ, ಪೂರ್ತಿ ಅಳಿಸಿ. ಇದನ್ನು ಯಾರು ಬೇಕಾದರೂ ಬರೆಯಬಹುದು. ನೀವು ಗ್ರಾಮಸಭೆ ನಡಾವಳಿ ಬರೆಯುತ್ತೀರಲ್ಲ, ಅಲ್ಲಿಂದ ಶುರು ಮಾಡಿ. ಒಂದು ಸಭೆ ತಗೊಳ್ಳಿ. ಅರಣ್ಯ ಹಕ್ಕು ಕಾಯ್ದೆಯಲ್ಲಿ ಒಬ್ಬೊಬ್ಬರ ಜಮೀನಿಗೆ ಒಂದು ಫಾರಂ, ಇಡೀ ಹಾಡಿಯ ಹಕ್ಕಿಗೆ ಇನ್ನೊಂದು ಫಾರಂ ಇದೆ ಅಲ್ವಾ? ಜನ ಯಾವುದಕ್ಕೆ ಮುಂದೆ ಬಂದರು, ಯಾವುದಕ್ಕೆ ಹಿಂಜರಿದರು, ಯಾರು ಮಾತಾಡಿದರು, ಯಾರು ಹಿಂದೆ ಕೂತು ಸುಮ್ಮನಿದ್ದರು, ಕಂಡಿದ್ದನ್ನು ನಾಲ್ಕು ಸಾಲಲ್ಲಿ ಬರೆಯಿರಿ. ಆಮೇಲೆ ನಿಮ್ಮ ಪ್ರಶ್ನೆ: ಕಾನೂನು ಒಂದು ಸಮುದಾಯಕ್ಕೆ ಅಧಿಕಾರ ಕೊಟ್ಟಾಗ ಆ ಸಮುದಾಯದ ಪರವಾಗಿ ಮಾತಾಡೋರು ಯಾರು? ಹಂಗೇರಿಯ ಮಂಡಳಿಗಳ ವಿಷಯದಲ್ಲೂ ಇದೇ ಪ್ರಶ್ನೆ ಕೇಳಬಹುದು. ಈಗ ನೋಡಿ, ಹಂಗೇರಿ ಯಾಕೆ ಅನ್ನೋದಕ್ಕೆ ಉತ್ತರ ತಾನಾಗೇ ಬಂತು.

ಸಮುದಾಯದವಳಲ್ಲ ಅನ್ನೋದನ್ನು ಒಂದೇ ಸಾಲಲ್ಲಿ ಹೇಳಿ ಮುಂದೆ ಹೋಗಿ. ಕ್ಷಮೆ ಕೇಳೋ ಧಾಟಿ ಬೇಡ, ಅವರ ದನಿ ನಾನೇ ಅನ್ನೋದಂತೂ ಬೇಡವೇ ಬೇಡ.

ಮಲೆಘಟ್ಟ:

ಮೇಲಿನದಕ್ಕೆ ನನ್ನ ವೋಟು. ಹಾಡಿಯವರ ಹೆಸರು, ಫೋಟೊ ಏನನ್ನೂ ಲೆಟರ್‌ಗೆ ಹಾಕಬೇಡಿ. ನಡಾವಳಿ ವಿಷಯ ಬರೆಯೋ ಮುಂಚೆ ಸಂಸ್ಥೆಯವರನ್ನೂ ಅರಣ್ಯ ಹಕ್ಕು ಸಮಿತಿಯವರನ್ನೂ ಒಂದು ಮಾತು ಕೇಳಿ. ಇನ್ನೊಂದು, ಪಾಸ್‌ಪೋರ್ಟ್ ಇದೆಯಾ?

ಹುಣಸೂರು_ಹುಡುಗಿ:

ಇಲ್ಲ ಸರ್. ಸೋಮವಾರವೇ ಅರ್ಜಿ ಹಾಕುತ್ತೇನೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಹಿಂದಿದೆ, ಆಧಾರ್‌ನಲ್ಲಿ ಮುಂದಿದೆ, ತೊಂದರೆ ಆಗುತ್ತಾ?

ನೀಲಿ_ಶಾಯಿ:

ಆಗಬಹುದು. ಮೊದಲು ಆಧಾರ್ ಸರಿ ಮಾಡಿಸಿ, ಆಮೇಲೆ ಪಾಸ್‌ಪೋರ್ಟಿಗೆ ಹಾಕಿ. ಇನಿಷಿಯಲ್ ಬಿಡಿಸಿ ಪೂರ್ತಿ ಹೆಸರು ಬರೆಯಿರಿ, ಮುಂದೆ ವೀಸಾ ಟೈಮಲ್ಲಿ ತಲೆನೋವು ಇರಲ್ಲ.