ಪೋಸ್ಟ್‌ಗ್ರೆಸ್ 18 ಪ್ಯಾಕೇಜ್ ಹಾಕಿದ ಮೇಲೆ ಸರ್ವಿಸ್ ಸ್ಟಾರ್ಟ್ ಆಗುತ್ತಿಲ್ಲ

ಪ್ರಶ್ನೆ:
ನಮಸ್ಕಾರ. ನಮ್ಮ ಸರ್ವರ್‌ಗಳಿಗೆ ಬೇಕಾದ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಆರ್‌ಪಿಎಂ (ಲಿನಕ್ಸ್ ಇನ್‌ಸ್ಟಾಲ್ ಪ್ಯಾಕೇಜ್) ನಾನೇ ಬಿಲ್ಡ್ ಮಾಡುತ್ತೇನೆ. 17.2ರಿಂದ 17.5ಕ್ಕೆ ಹೋಗುವಾಗ ಸ್ಪೆಕ್ ಫೈಲಿನಲ್ಲಿ (ಪ್ಯಾಕೇಜ್ ಕಟ್ಟುವ ಸೂಚನೆಗಳ ಫೈಲ್) ವರ್ಷನ್ ಬದಲಿಸಿದ್ದಷ್ಟೇ. 18ಕ್ಕೂ ಹಾಗೇ ಮಾಡಿದೆ. ಟೆಸ್ಟ್ ಮಷಿನ್‌ನಲ್ಲಿ ಇನ್‌ಸ್ಟಾಲ್ ಆಯಿತು, ಸರ್ವಿಸ್ ಮಾತ್ರ ಏಳುತ್ತಿಲ್ಲ. ಡೇಟಾ ಡೈರೆಕ್ಟರಿ 17ರದ್ದು, 18ಕ್ಕೆ ಹೊಂದುವುದಿಲ್ಲ ಅಂತ ಲಾಗ್ ಹೇಳುತ್ತಿದೆ. ಹಳೆಯ ಡೇಟಾವನ್ನು ಹೊಸ ವರ್ಷನ್‌ಗೆ ಒಯ್ಯುವ ಪಿಜಿ_ಅಪ್‌ಗ್ರೇಡ್ ಓಡಿಸಿದರೆ ಹಳೆಯ ಬೈನರಿಗಳ (ಪ್ರೋಗ್ರಾಂ ಫೈಲ್‌ಗಳ) ಡೈರೆಕ್ಟರಿ ಕೇಳುತ್ತದೆ. ಹೊಸ ಪ್ಯಾಕೇಜ್ ಬಂದಾಗಲೇ ಅವು ಹೋದವಲ್ಲ! ಡೇಟಾ ಹಾಳಾಯಿತೇ?

ಉತ್ತರ:
ಗಾಬರಿ ಬೇಡ, ಡೇಟಾ ಹಾಗೇ ಇದೆ. ಡೇಟಾ ಡೈರೆಕ್ಟರಿಯಲ್ಲಿ ಪಿಜಿ_ವರ್ಷನ್ ಎಂಬ ಪುಟ್ಟ ಫೈಲ್ ಇದೆ, ತೆರೆದು ನೋಡಿ. ಒಳಗಿರುವುದು 17 ಅನ್ನುವ ಎರಡಂಕಿ ಮಾತ್ರ. ಅದು ತನ್ನದಲ್ಲ ಅಂತ ಕಂಡರೆ ಸರ್ವರ್ ನಿಮ್ಮ ಟೇಬಲ್‌ಗಳನ್ನು ಮುಟ್ಟದೆ ನಿಂತುಬಿಡುತ್ತದೆ. ಆ ಅಂಕಿಯನ್ನು ಕೈಯಾರೆ 18 ಅಂತ ತಿದ್ದಲು ಮಾತ್ರ ಹೋಗಬೇಡಿ.

17.2ರಿಂದ 17.5ಕ್ಕೆ ಡಿಸ್ಕ್ ಮೇಲಿನ ರೂಪ ಬದಲಾಗುವುದಿಲ್ಲ, ಅದಕ್ಕೇ ಆಗ ಏನೂ ಆಗಲಿಲ್ಲ. 17ರಿಂದ 18ರಂಥ ಮೇಜರ್ ವರ್ಷನ್ ಬದಲಾವಣೆಯಲ್ಲಿ ಸಿಸ್ಟಂ ಕ್ಯಾಟಲಾಗ್‌ಗಳೇ (ಡೇಟಾಬೇಸ್ ತನ್ನ ಬಗ್ಗೆ ಇಟ್ಟುಕೊಳ್ಳುವ ಟೇಬಲ್‌ಗಳು) ಬದಲಾಗುತ್ತವೆ. ಪಿಜಿ_ಅಪ್‌ಗ್ರೇಡ್ ಹಳೆಯ ಸರ್ವರನ್ನು ತಾನೇ ಎಬ್ಬಿಸಿ ಅದರಿಂದ ಸ್ಕೀಮಾ (ಟೇಬಲ್‌ಗಳ ವಿನ್ಯಾಸ) ತೆಗೆಯುತ್ತದೆ. ಹಾಗಾಗಿ 17, 18 ಎರಡೂ ಒಂದೇ ಮಷಿನ್‌ನಲ್ಲಿ ಇರಲೇಬೇಕು.

ತಪ್ಪಿರುವುದು ಪ್ಯಾಕೇಜಿನ ಹೆಸರಿನಲ್ಲಿ. ಹೆಸರಿನೊಳಗೇ ಮೇಜರ್ ಸಂಖ್ಯೆ ಸೇರಿಸಿ: ಪೋಸ್ಟ್‌ಗ್ರೆಸ್‌ಕ್ಯೂಎಲ್17, ಪೋಸ್ಟ್‌ಗ್ರೆಸ್‌ಕ್ಯೂಎಲ್18. ಬೈನರಿ, ಲೈಬ್ರರಿ, ಡೇಟಾ, ಸರ್ವಿಸ್ ಫೈಲ್ ಎಲ್ಲಕ್ಕೂ ಬೇರೆ ಬೇರೆ ಜಾಗ ಕೊಡಿ. 18ರ ಸ್ಪೆಕ್‌ನಲ್ಲಿ 17ನ್ನು ತೆಗೆದುಹಾಕುವ ಅಬ್ಸೊಲೀಟ್ಸ್ ಸಾಲು ಇರಕೂಡದು. ಇನ್ನೊಂದು ಮಾತು: ಇನ್‌ಸ್ಟಾಲ್ ನಂತರದ ಸ್ಕ್ರಿಪ್ಟ್‌ನಲ್ಲಿ ಪಿಜಿ_ಅಪ್‌ಗ್ರೇಡ್ ಇಡಲೇಬೇಡಿ. ಡಿಸ್ಕ್ ತುಂಬಿ ಅದು ಅರ್ಧಕ್ಕೆ ನಿಂತರೆ ಪ್ಯಾಕೇಜ್ ಮ್ಯಾನೇಜರ್‌ಗೆ ಅದನ್ನು ಸರಿಪಡಿಸುವ ದಾರಿಯಿಲ್ಲ. ಆ ಕೆಲಸವನ್ನು ಅಡ್ಮಿನ್ ಎದುರಿಗೆ ಕೂತೇ ಮಾಡಬೇಕು.

ಪ್ರಶ್ನೆ ಕೇಳಿದವರು:
ಬೇರ್ಪಡಿಸಿದೆ, ಎರಡೂ ಒಟ್ಟಿಗೆ ಕೂತಿವೆ. ಈಗ ಪಿಜಿ_ಅಪ್‌ಗ್ರೇಡ್‌ನ ಚೆಕ್ ಓಡಿಸಿದರೆ ಹಳೆಯದರಲ್ಲಿ ಡೇಟಾ ಚೆಕ್‌ಸಮ್ (ಡೇಟಾ ಕೆಟ್ಟಿದೆಯೇ ಎಂದು ಪತ್ತೆಹಚ್ಚುವ ಅಂಕಿ) ಇಲ್ಲ, ಹೊಸದರಲ್ಲಿ ಇದೆ ಅಂತ ನಿಲ್ಲುತ್ತದೆ. ನಾನಂತೂ ಏನೂ ಆನ್ ಮಾಡಿಲ್ಲ.

ಉತ್ತರ:
18ರಿಂದ ಇನಿಟ್‌ಡಿಬಿ (ಹೊಸ ಡೇಟಾ ಡೈರೆಕ್ಟರಿ ಸೃಷ್ಟಿಸುವ ಕಮಾಂಡ್) ಚೆಕ್‌ಸಮ್‌ಗಳನ್ನು ತಾನಾಗಿಯೇ ಆನ್ ಮಾಡುತ್ತದೆ. ಎರಡೂ ಕಡೆ ಒಂದೇ ಥರ ಇರಬೇಕು. ಸಮಯವಿದ್ದರೆ 17ನ್ನು ನಿಲ್ಲಿಸಿ ಪಿಜಿ_ಚೆಕ್‌ಸಮ್ಸ್‌ನಿಂದ ಅಲ್ಲೇ ಆನ್ ಮಾಡಿ. ಡೇಟಾಬೇಸ್ ದೊಡ್ಡದಿದ್ದಷ್ಟೂ ಹೊತ್ತು ಹಿಡಿಯುತ್ತದೆ, ಆದರೂ ನಾನು ಇದನ್ನೇ ಮಾಡುತ್ತೇನೆ. ಅವಸರವಿದ್ದರೆ 18ರ ಕ್ಲಸ್ಟರನ್ನು (ಅಂದರೆ ಅದರ ಡೇಟಾ ಡೈರೆಕ್ಟರಿಯನ್ನು) ನೋ-ಡೇಟಾ-ಚೆಕ್‌ಸಮ್ಸ್ ಆಯ್ಕೆಯೊಂದಿಗೆ ಮತ್ತೆ ಸೃಷ್ಟಿಸಿ.

ಪೋಸ್ಟ್‌ಜಿಐಎಸ್‌ನಂಥ (ನಕ್ಷೆ, ಸ್ಥಳದ ಡೇಟಾಗೆ ಬಳಸುವ) ಎಕ್ಸ್‌ಟೆನ್ಷನ್‌ಗಳಿದ್ದರೆ ಅವನ್ನೂ 18ಕ್ಕೆ ಬೇರೆಯಾಗಿ ಬಿಲ್ಡ್ ಮಾಡಿಡಿ. ಪಿಜಿ_ಅಪ್‌ಗ್ರೇಡ್‌ನ ಲಿಂಕ್ ಮೋಡ್ (ಫೈಲ್‌ಗಳನ್ನು ನಕಲು ಮಾಡದೆ ಎರಡೂ ಕಡೆ ಅವನ್ನೇ ಹಂಚಿಕೊಳ್ಳುವ ವಿಧಾನ) ಬಳಸುವ ಮುಂಚೆ ಬ್ಯಾಕಪ್ ಇರಲಿ, ಏಕೆಂದರೆ ಹೊಸ ಸರ್ವರ್ ಒಮ್ಮೆ ಎದ್ದ ಮೇಲೆ ಹಳೆಯ ಕ್ಲಸ್ಟರ್‌ಗೆ ಮರಳುವಂತಿಲ್ಲ.

ಪ್ರಶ್ನೆ ಕೇಳಿದವರು:
ಚೆಕ್‌ಸಮ್ ಆನ್ ಮಾಡಿದೆ, ಅಪ್‌ಗ್ರೇಡ್ ಮುಗಿಯಿತು, 18 ಓಡುತ್ತಿದೆ. ಹೊಸ ಬ್ಯಾಕಪ್‌ನಿಂದ ಒಮ್ಮೆ ರಿಸ್ಟೋರ್ ಮಾಡಿ ನೋಡುವವರೆಗೂ 17ರ ಪ್ಯಾಕೇಜನ್ನು ತೆಗೆಯುವುದಿಲ್ಲ. ತುಂಬಾ ಧನ್ಯವಾದ ಸರ್.